ಕುಂಕುಮ ಇಡದ ಕಲ್ಲು

ಸೂರ್, ಒಮಾನ್
8 ಡಿಸೆಂಬರ್ 2006, ಶುಕ್ರವಾರ

ಪ್ರೀತಿಯ ಹೊನ್ನಪ್ಪಣ್ಣನಿಗೆ, ಸುಕೇಶ ಮಾಡುವ ನಮಸ್ಕಾರಗಳು.

ನಿಮ್ಮ ಕೋಟೆಯನ್ನು ನೋಡಿ ಬಂದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪತ್ರದಲ್ಲಿ ಮುಂದೆ ಇನ್ನೊಂದು ಮಾತು ಬರುತ್ತದೆ, ಅದನ್ನು ಓದಿದ ಮೇಲೆ ನೀವು ಕಾಗದ ಮಡಚಿ ಪಕ್ಕಕ್ಕೆ ಎಸೆದುಬಿಡಬಹುದು. ಅಷ್ಟರೊಳಗೆ ಕೋಟೆಯ ವಿಷಯವಾದರೂ ನಿಮ್ಮನ್ನು ಮುಟ್ಟಲಿ ಎಂದು ನನ್ನ ಆಸೆ. ಹೇಡಿಯ ಲೆಕ್ಕಾಚಾರ ಅನ್ನಿ, ಅಡ್ಡಿಯಿಲ್ಲ.

ಆ ಚಿತ್ರ ನೆನಪಿದೆಯಲ್ಲ, ಮಟ್ಟ ನೋಡುವ ಲೆವೆಲ್ ಯಂತ್ರದ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ನೀವು ಗೋಂದು ಹಚ್ಚಿ ಅಂಟಿಸಿದ್ದು? ಯಾವುದೋ ವಾರಪತ್ರಿಕೆಯಿಂದ ಕತ್ತರಿಸಿದ ಕುಂಭಲಗಢ. ಬೆಟ್ಟದಿಂದ ಬೆಟ್ಟಕ್ಕೆ ಹೋಗುವ ಗೋಡೆ. ನೀವು ಊರಿಗೆ ಹೋದ ಮೇಲೆ ಕಂಪನಿಯ ಆ ಪೆಟ್ಟಿಗೆ ನನ್ನ ಕೈಗೆ ಬಂತು. ಚಿತ್ರದಲ್ಲಿ ಆಕಾಶದ ನೀಲಿ ಹೋಗಿ ಬೂದಿ ಬಣ್ಣ ಬಂದಿದೆ, ಒಂದು ಮೂಲೆ ಎದ್ದಿದೆ, ಆದರೂ ಕಿತ್ತೆಸೆಯಲು ನನಗೆ ಧೈರ್ಯ ಬರಲಿಲ್ಲ. ಐದೂವರೆ ವರ್ಷದಿಂದ ದಿನಾ ಬೆಳಿಗ್ಗೆ ಸೈಟಿನಲ್ಲಿ ಪೆಟ್ಟಿಗೆ ತೆರೆದರೆ ಮೊದಲು ಕಾಣುವುದು ಅದೇ. "ಮೂವತ್ತಾರು ಕಿಲೋಮೀಟರ್ ಕಣಯ್ಯ. ಲೆವೆಲ್ ಇಲ್ಲ, ಸ್ಟಾಫ್ ಇಲ್ಲ. ಹೆಂಗ್ ಹಿಡಿದ್ರು ಮಟ್ಟಾನ? ಒಂದ್ಸಲ ಹೋಗಿ ಕೇಳ್ಕೊಂಡು ಬರ್ಬೇಕು" ಎನ್ನುತ್ತಿದ್ದಿರಿ. ಯಾರನ್ನು ಕೇಳುವುದು ಎಂದು ನಾನು ತಮಾಷೆ ಮಾಡಿದರೆ "ಗೋಡೇನ" ಅನ್ನುತ್ತಿದ್ದಿರಿ. ನಾನು ಕೇಳಿಕೊಂಡು ಬಂದಿದ್ದೇನೆ.

ಕಾರ್ಕಳದಿಂದ ಬಂದು ಸೂರಿನಲ್ಲಿ ಇಳಿದಾಗ ನನಗೆ ಇಪ್ಪತ್ತೇಳು ವರ್ಷ. ಡಿಪ್ಲೊಮಾ ಅರ್ಧಕ್ಕೆ ಬಿಟ್ಟವನು, ಕೆಲಸದ ಹೆಸರು ಸರ್ವೆ ಅಸಿಸ್ಟೆಂಟ್. ನಿಜವಾದ ಕೆಲಸ ಸ್ಟಾಫ್ ಎನ್ನುವ, ಅಂಕಿ ಬರೆದ ಆ ನಾಲ್ಕು ಮೀಟರಿನ ಪಟ್ಟಿಯನ್ನು ನೆಟ್ಟಗೆ ಹಿಡಿದು ನಿಲ್ಲುವುದು. ನನ್ನಂಥವನನ್ನು ನೀವು ಮೊದಲನೆಯ ಶುಕ್ರವಾರವೇ ಮನೆಗೆ ಊಟಕ್ಕೆ ಕರೆದಿರಿ. ತಾಯಮ್ಮಕ್ಕ ಮುದ್ದೆ, ಬಸ್ಸಾರು ಮಾಡಿದ್ದರು. ನಾನು ಮುದ್ದೆಯನ್ನು ಅನ್ನದ ಹಾಗೆ ಅಗಿಯುತ್ತಾ ಕೂತದ್ದನ್ನು ಕಂಡು ಅವರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ಊಟವಾದ ಮೇಲೆ ನೀವು ನಮ್ಮ ಡ್ರೈವರ್ ಶಾಹುಲ್ ಹಮೀದನ ಪಿಕಪ್‌ನಲ್ಲಿ ನನ್ನನ್ನು ಸುನೈಸಿಲಾ ಕೋಟೆಗೆ ಕರೆದುಕೊಂಡು ಹೋದಿರಿ. ನಿದ್ದೆ ಹೊಡೆಯಬೇಕಾದ ಮಧ್ಯಾಹ್ನದಲ್ಲಿ ಒಬ್ಬ ಮನುಷ್ಯ ಕೋಟೆಯ ಗೋಡೆಯ ಉದ್ದಕ್ಕೂ ಹೆಜ್ಜೆ ಎಣಿಸುತ್ತಾ ನಡೆಯುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಿಮ್ಮ ನೂರು ಹೆಜ್ಜೆಗೆ ಎಪ್ಪತ್ತೈದು ಮೀಟರ್. ಆಮೇಲೆ ಟೇಪ್ ಹಿಡಿದು ನೋಡಿದರೆ ಒಂದು ಗೇಣಿನ ವ್ಯತ್ಯಾಸವೂ ಇರುತ್ತಿರಲಿಲ್ಲ. ಇಬ್ರಾದ ಕಾವಲು ಗೋಪುರಗಳು, ನಿಜ್ವಾ ಕೋಟೆಯ ಆ ದುಂಡು ಬುರುಜು, ಎಲ್ಲವನ್ನೂ ನಾನು ನೋಡಿದ್ದು ನಿಮ್ಮ ಹಿಂದೆ ಹೆಜ್ಜೆ ಹಾಕಿಕೊಂಡೇ. ಎಲ್ಲಿ ಹೋದರೂ ಕೊನೆಗೆ ನೀವು ಒಂದೇ ಮಾತು ಹೇಳುತ್ತಿದ್ದಿರಿ. ಇದು ಚೆನ್ನಾಗಿದೆ, ಆದರೆ ಅದನ್ನು ನೋಡಬೇಕು.

ಈಗ ನೋಡಿದವನು ನಾನು. ನೀವು ನೋಡಿಲ್ಲ. ಇದು ನ್ಯಾಯವಲ್ಲ ಎಂದು ನನಗೆ ಅಲ್ಲಿ ಪ್ರತಿ ಮೆಟ್ಟಿಲಿಗೂ ಅನಿಸಿತು.

ಹೊರಟದ್ದು ಹೇಗೆಂದರೆ, ಆಯುಧಪೂಜೆಯ ದಿನ ನಿಮ್ಮ ಮನೆಗೆ ಫೋನ್ ಮಾಡಿದ್ದೆ. ನೀವು ಅಂಗಡಿಯಲ್ಲಿದ್ದಿರಿ, ತಾಯಮ್ಮಕ್ಕ ಎತ್ತಿಕೊಂಡರು. ಕುಶಲವೆಲ್ಲ ಆಯಿತು. ನೀವು ಊರಿಗೆ ಒಯ್ದ ನಿಮ್ಮ ಸ್ವಂತದ ಹಳೆಯ ಲೆವೆಲ್ಲಿಗೆ ಪೂಜೆ ಆಯಿತಾ ಎಂದು ಕೇಳಿದೆ. ಅವರು ಹೇಳಿದರು: "ಅದು ಅಟ್ಟದ ಮೇಲೆ ಐತೆ ಕಣಪ್ಪ. ಬಂದಾಗಿಂದ ಒಂದ್ ದಿನಾನೂ ಇಳಿಸ್ಲಿಲ್ಲ. ಕೆಲ್ಸಕ್ ಕರ್ಯೋಕ್ ಜನ ಬತ್ತಾರೆ, ಇವ್ರು ನನ್ ಕಣ್ಣು ಸುಳ್ ಹೇಳ್ತದೆ, ಬ್ಯಾರೆಯವ್ರನ್ನ ನೋಡ್ಕೊಳ್ಳಿ ಅಂತಾರೆ. ಜೆರಾಕ್ಸ್ ಅಂಗ್ಡೀಲಿ ಕೂತ್ಕಂಡ್ ಕಾಗ್ದ ತಿರುಗಿಸ್ತಾರೆ." ಫೋನ್ ಇಟ್ಟ ಮೇಲೆ ನಾನು ಪೆಟ್ಟಿಗೆ ತೆರೆದೆ. ನಮ್ಮಲ್ಲೂ ಪೂಜೆ ಇತ್ತಲ್ಲ. ಅರಿಶಿನ ಕುಂಕುಮ ಹಿಡಿದುಕೊಂಡು ಆ ಚಿತ್ರದ ಮುಂದೆ ಕೂತವನಿಗೆ ಕೈ ಮುಂದೆ ಹೋಗಲಿಲ್ಲ. ಅಡುಗೆಮನೆಯಿಂದ ಆಶಿತಾ ಬಂದು ಏನಾಯಿತು ಎಂದು ಕೇಳಿದಾಗ, ಈದ್ ರಜೆಗೆ ಊರಿಗೆ ಹೋಗುವ ಮೊದಲು ರಾಜಸ್ಥಾನಕ್ಕೆ ಹೋಗೋಣ ಎಂದುಬಿಟ್ಟೆ.

ಗಲ್ಫಿನಿಂದ ರಜೆಗೆ ಹೊರಟವನು ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು ನೇರ ಮನೆಯ ಅಂಗಳದಲ್ಲಿ ಇಳಿಯಬೇಕು. ಟ್ಯಾಂಗ್ ಡಬ್ಬಿ, ಹಾಲಿನ ಪುಡಿ, ಕೊಡೆ, ಅತ್ತರು ಇವೆಲ್ಲ ಹಂಚಿ ಮುಗಿಯುವವರೆಗೆ ಬೇರೆ ಕಡೆ ಮುಖ ತಿರುಗಿಸುವ ಹಾಗಿಲ್ಲ. ನಾನು ಪೆಟ್ಟಿಗೆಗಳನ್ನೆಲ್ಲ ಮಂಗಳೂರಿಗೆ ಹೋಗುವವರೊಬ್ಬರ ಕೈಯಲ್ಲಿ ಮುಂದೆ ಕಳಿಸಿ ಮುಂಬೈಯಲ್ಲಿ ಇಳಿದೆ. ಮನೆಯಲ್ಲಿ ಅಮ್ಮ ಮೂರು ದಿನ ಮಾತು ಬಿಟ್ಟರು. ಸಾಮಾನು ಬಂತು, ಮಗ ಬರಲಿಲ್ಲ ಎಂದು ನೆರೆಯವರ ಮುಂದೆ ಹೇಳಲು ಅವರಿಗೆ ನಾಚಿಕೆಯಾಯಿತಂತೆ. ನಾವು ಅಹಮದಾಬಾದಿನವರೆಗೆ ರೈಲು, ಅಲ್ಲಿಂದ ಉದಯಪುರಕ್ಕೆ ಬಸ್ಸು, ಮತ್ತೆ ಜೀಪು. ಹಿತಾಳಿಗೆ ಈಗ ಐದೂವರೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲೇ ರೇಗಿಸಿದಳು. ಮರುಭೂಮಿಯ ದೇಶದಿಂದ ಹೊರಟು ಮತ್ತೆ ಬೋಳು ಬೆಟ್ಟ ನೋಡಲು ಬರುವ ಅಪ್ಪ ಅವಳೊಬ್ಬಳಿಗೇ ಸಿಕ್ಕಿರುವುದಂತೆ.

ಆದರೆ ಅಲ್ಲಿ ಬೆಟ್ಟ ಬೋಳಾಗಿರಲಿಲ್ಲ. ಮಳೆಗಾಲ ಈಗಷ್ಟೇ ಮುಗಿದಿತ್ತು. ಜೀಪು ಕಾಡಿನ ನಡುವೆ ಸುತ್ತಿ ಸುತ್ತಿ ಹತ್ತಿತು. ಹತ್ತಿರ ಬರುವ ತನಕ ಕೋಟೆ ಕಾಣಿಸುವುದೇ ಇಲ್ಲ. ಒಂದು ಬಾಗಿಲು ದಾಟಿತು, ಇನ್ನೊಂದು ದಾಟಿತು, ಆಮೇಲೆ ಒಂದು ತಿರುವಿನಲ್ಲಿ ಅದು ಒಮ್ಮೆಲೇ ಎದುರಿಗೆ ನಿಂತಿತು. ಡ್ರೈವರ್ ಗಾಡಿ ನಿಲ್ಲಿಸಿದ. ಅವನಿಗೆ ಗೊತ್ತು, ಅಲ್ಲಿ ಎಲ್ಲರೂ ನಿಲ್ಲಿಸು ಎನ್ನುತ್ತಾರೆ.

ಹೊನ್ನಪ್ಪಣ್ಣ, ನಿಮ್ಮ ಚಿತ್ರದಲ್ಲಿ ಏನೂ ಇಲ್ಲ. ಅದನ್ನು ತೆಗೆದವನು ಯಾರೋ ಕೈಲಾದಷ್ಟು ಮಾಡಿದ್ದಾನೆ, ಪಾಪ. ಬುರುಜುಗಳು ಬುಡದಲ್ಲಿ ಉಬ್ಬಿಕೊಂಡು, ಭತ್ತ ತುಂಬಿಡುವ ಕಣಜಗಳ ಹಾಗೆ ಸಾಲಾಗಿ ಕೂತಿವೆ. ಒಂದೊಂದರ ಬುಡದಲ್ಲಿ ನಿಂತರೆ ಕತ್ತು ಹಿಂದಕ್ಕೆ ಬಾಗಿಸಿ ಟೋಪಿ ಬೀಳುವವರೆಗೆ ನೋಡಬೇಕು. ಗೋಡೆ ಬಾಗಿಲಿನ ಎರಡು ಕಡೆಯಿಂದ ಹೊರಟು, ಇಳಿಜಾರಿನಲ್ಲಿ ಇಳಿದು, ಕಣಿವೆಯ ತಳದಲ್ಲಿ ಮರಗಳ ನಡುವೆ ಮಾಯವಾಗಿ, ಇದು ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಎದುರು ಬೆಟ್ಟದ ನೆತ್ತಿಯ ಮೇಲೆ ಮತ್ತೆ ಕಾಣಿಸುತ್ತದೆ. ಅಲ್ಲಿಂದ ಆಚೆಯ ಬೆಟ್ಟ. ಅದರ ಆಚೆ ಇನ್ನೊಂದು. ಹಿತಾ ಬೆರಳಿನಲ್ಲಿ ಗೋಡೆಯನ್ನು ಹಿಂಬಾಲಿಸುತ್ತಾ ಹೋದಳು, ಅವಳ ಕೈ ಒಂದು ಪೂರ್ತಿ ಸುತ್ತು ತಿರುಗಿತು. "ಪಪ್ಪಾ, ವೇರ್ ಡಸ್ ಇಟ್ ಎಂಡ್?" ಎಂದು ಕೇಳಿದಳು. ನನ್ನ ಮೈಮೇಲೆ ರೋಮ ಎದ್ದು ನಿಂತಿದ್ದನ್ನು ಆಶಿತಾ ಕೈ ಮುಟ್ಟಿ ನೋಡಿ ನಕ್ಕಳು.

ನಾನು ಗೋಡೆಯ ಮೇಲೆ ಹತ್ತಿದೆ. ಎಂಟು ಕುದುರೆ ಒಟ್ಟಿಗೆ ನಡೆಯುತ್ತಿದ್ದವು ಎಂದು ಅಲ್ಲಿಯವರು ಹೇಳುತ್ತಾರೆ. ನಾನು ಕುದುರೆ ಕಂಡವನಲ್ಲ, ಆದರೆ ನಮ್ಮ ಪಿಕಪ್ ಆರಾಮಾಗಿ ಹೋದೀತು. ನಿಮ್ಮ ಹೆಜ್ಜೆಯಲ್ಲಿ ಎಣಿಸುತ್ತಾ ನಡೆದೆ. ನಿಮ್ಮ ಹೆಜ್ಜೆ ನನಗೆ ಬರುತ್ತದೆ, ನೀವೇ ರೂಢಿ ಮಾಡಿಸಿದ್ದು. ಒಂದು ಸಾವಿರದ ಇನ್ನೂರು ಎಣಿಸಿದ ಮೇಲೆ ಉಸಿರು ಸಿಕ್ಕಿಕೊಂಡು ನಿಂತು ಹಿಂದೆ ನೋಡಿದರೆ ನಾನು ಹೊರಟ ಬಾಗಿಲು ಅಂಗೈ ಅಗಲ ಕಂಡಿತು. ಮುಂದೆ ನೋಡಿದರೆ ಗೋಡೆ ನಾನು ಹೊರಟೇ ಇಲ್ಲ ಎನ್ನುವ ಹಾಗೆ ಹೋಗುತ್ತಲೇ ಇತ್ತು. ನಾನು ಸುಮ್ಮನೆ ಕೂತುಬಿಟ್ಟೆ. ನಾವು ಒಂದೂವರೆ ಕಿಲೋಮೀಟರ್ ಚರಂಡಿಗೆ ಮಟ್ಟ ಹಿಡಿಯಲು ಎಷ್ಟು ಪಾಡು ಪಟ್ಟಿದ್ದೆವು. ಇವರು ಬೆಟ್ಟದ ಒಂದು ಏಣನ್ನೂ ಬಿಡದೆ ಕಲ್ಲು ಹೊತ್ತಿದ್ದಾರೆ. ಯಾವ ಊರಿನಿಂದ ಬಂದರು, ಎಷ್ಟು ವರ್ಷ ಹೊತ್ತರು, ಬೆನ್ನು ಎಷ್ಟು ನೊಂದಿತು, ಯಾರಿಗೂ ಗೊತ್ತಿಲ್ಲ. ಗಾಳಿ ಮಾತ್ರ ಕಂಡಿಗಳ ಒಳಗಿಂದ ಬೀಸುತ್ತಿತ್ತು.

ರಸಮಟ್ಟ ತಂದಿದ್ದೆ, ನಗಬೇಡಿ. ಕೈಚೀಲದಲ್ಲಿ ಹಿತಾಳ ಬಿಸ್ಕತ್ತಿನ ಜೊತೆಗಿತ್ತು. ಒಂದು ಬುರುಜಿನ ಪಕ್ಕದಲ್ಲಿ ಕಲ್ಲಿನ ಸಾಲಿನ ಮೇಲೆ ಇಟ್ಟು ನೋಡಿದೆ. ಗುಳ್ಳೆ ನಡುವಿಗೆ ಬಂದು ನಿಂತಿತು. ಹತ್ತು ಹೆಜ್ಜೆ ಮುಂದೆ ಇಟ್ಟೆ. ಮತ್ತೆ ನಡುವಿಗೇ. ಐನೂರು ಚಿಲ್ಲರೆ ವರ್ಷದ ಕಲ್ಲು. ನಮ್ಮ ಗೈಡ್ ಬಿಳಿ ಮೀಸೆಯ ಮುದುಕ, ಕೆಂಪು ರುಮಾಲು ಸುತ್ತಿದವನು, ನನ್ನ ಹುಚ್ಚನ್ನು ಮೀಸೆಯೊಳಗೇ ನಗುತ್ತಾ ನೋಡುತ್ತಿದ್ದ. ನಿಮ್ಮ ಪ್ರಶ್ನೆಯನ್ನು ನನ್ನ ಹರುಕು ಹಿಂದಿಯಲ್ಲಿ ಅವನಿಗೆ ಕೇಳಿದೆ. ಯಂತ್ರವಿಲ್ಲದೆ ಮಟ್ಟ ಹೇಗೆ ಹಿಡಿದರು? ಅವನು ನಾನೇನೋ ದಡ್ಡ ಪ್ರಶ್ನೆ ಕೇಳಿದೆ ಎನ್ನುವ ಹಾಗೆ ನನ್ನನ್ನು ನೋಡಿ, ಎರಡು ಬೆರಳನ್ನು ತನ್ನ ಕಣ್ಣಿನ ಕೆಳಗೆ ಇಟ್ಟುಕೊಂಡ. "ಆಂಖ್ ಸೇ, ಸಾಬ್. ಔರ್ ಕೈಸೇ?" ಕಣ್ಣಿನಿಂದ, ಮತ್ತೆ ಹೇಗೆ? ತನ್ನ ಅಜ್ಜ ಗಾರೆ ಕೆಲಸದವನು, ನೂಲು ಕಟ್ಟುವ ಮೊದಲೇ ನೋಡಿ ಹೇಳುತ್ತಿದ್ದ ಎಂದ.

ಇದು ಸರಿಯಾದ ಉತ್ತರವೋ ಅಲ್ಲವೋ ನನಗೆ ಗೊತ್ತಿಲ್ಲ. ನೀರು ಕಟ್ಟಿ ನೋಡಿರಬಹುದು, ನೂಲು ಹಿಡಿದಿರಬಹುದು. ಆದರೆ ಕಣ್ಣು ಎಂದು ಅವನು ಹೇಳಿದಾಗ ನನಗೆ ತಾಯಮ್ಮಕ್ಕನ ದನಿ ಕೇಳಿಸಿತು.

ನೆತ್ತಿಯ ಮೇಲಿನ ಅರಮನೆಗೆ ಹತ್ತಿದೆವು. ಬಾದಲ್ ಮಹಲ್, ಮೋಡದ ಮನೆ. ದಾರಿ ಹಾವಿನಂತೆ ಸುತ್ತುತ್ತಾ, ಬಾಗಿಲ ಮೇಲೆ ಬಾಗಿಲು ದಾಟಿಸುತ್ತಾ ಹೋಗುತ್ತದೆ. ಮೇಲಿನಿಂದ ನೋಡಿದಾಗ ಕೆಳಗೆ ದೇವಸ್ಥಾನಗಳ ಶಿಖರಗಳು ಎಣಿಸಿದಷ್ಟೂ ಇದ್ದವು, ನಡುವೆ ಯಾರದೋ ಸಾಸಿವೆ ಹೊಲ, ಒಬ್ಬ ಹೆಂಗಸು ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದಳು. ಕೋಟೆಯೊಳಗೆ ಜನ ಇನ್ನೂ ಬದುಕುತ್ತಿದ್ದಾರೆ. ಪಶ್ಚಿಮಕ್ಕೆ ಬೆಟ್ಟಗಳೆಲ್ಲ ಮುಗಿದು ಮಬ್ಬಿನಲ್ಲಿ ಮರಳುನಾಡು ಶುರುವಾಗುತ್ತಿತ್ತು. ಆ ದಿಕ್ಕಿನಲ್ಲೇ ಹೋದರೆ ಸಮುದ್ರ ದಾಟಿ ನಮ್ಮ ಸೂರ್ ಬರುತ್ತದೆ ಎಂದು ನಾನು ಹಿತಾಳಿಗೆ ಹೇಳಿದೆ. ಅವಳು ಕೈ ಬೀಸಿದಳು. ನಾನು ಅಷ್ಟು ಎತ್ತರದಲ್ಲಿ, ಅಷ್ಟು ದೊಡ್ಡದರ ಮುಂದೆ, ಅಷ್ಟು ಸಣ್ಣವನಾಗಿ ಜನ್ಮದಲ್ಲಿ ನಿಂತಿರಲಿಲ್ಲ. ಅದು ಸುಖವೇ ಹೌದು, ಸುಳ್ಳು ಹೇಳುವುದಿಲ್ಲ. ನಿಮ್ಮನ್ನು ನೆನೆದು ಕಣ್ಣು ತುಂಬಿದ್ದೂ ಹೌದು.

ಇಳಿಯುವಾಗ ಅದು ಕಂಡಿತು. ಹತ್ತುವಾಗ ನಾನು ಗಮನಿಸಿರಲಿಲ್ಲ. ಬಾಗಿಲಿನ ಪಕ್ಕದಲ್ಲಿ ಒಂದು ಗೂಡು, ಗೂಡಿನಲ್ಲಿ ಒಂದು ಬರಿಯ ಕಲ್ಲು, ಕಲ್ಲಿಗೆ ಕೈತುಂಬ ಸಿಂಧೂರ ಮೆತ್ತಿದ್ದಾರೆ. ಮುದುಕ ಚಪ್ಪಲಿ ಬಿಟ್ಟು ಕೈ ಮುಗಿದು ಕತೆ ಹೇಳಿದ. ಗೋಡೆ ಹಗಲು ಕಟ್ಟಿದರೆ ರಾತ್ರಿ ಕುಸಿಯುತ್ತಿತ್ತಂತೆ. ಯಾರಾದರೂ ತಾನಾಗಿ ತಲೆ ಕೊಟ್ಟರೆ ಮಾತ್ರ ನಿಲ್ಲುತ್ತದೆ ಎಂದು ಹೇಳಿಕೆಯಾಯಿತಂತೆ. ಒಬ್ಬ ಬಾಬಾ ಮುಂದೆ ಬಂದು ನಾನು ಕೊಡುತ್ತೇನೆ ಎಂದನಂತೆ. ಅವನ ತಲೆ ಬಿದ್ದಲ್ಲಿ ಬಾಗಿಲು ಎದ್ದಿತು, ಆಮೇಲೆ ಗೋಡೆ ಬೀಳಲಿಲ್ಲ. ಮುದುಕ ಇಷ್ಟನ್ನು ಬಿಸಿಲು ಚೆನ್ನಾಗಿದೆ ಎನ್ನುವ ಹಾಗೆ ಹೇಳಿ ಮುಗಿಸಿದ. ನಾನು ಆ ಕಲ್ಲನ್ನೂ ಅದರ ಮೇಲಿನ ಕೆಂಪನ್ನೂ ನೋಡುತ್ತಾ ನಿಂತೆ, ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಆಶಿತಾ ತಲೆ ತಿರುಗಿತೇನೋ ಎಂದು ನೀರು ಕೊಟ್ಟಳು. ಆಗ ಅವಳಿಗೆ ಹೇಳಿದೆ. ಈಗ ನಿಮಗೆ ಹೇಳುತ್ತಿದ್ದೇನೆ.

ನಿಮಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ, ತಾಯಮ್ಮಕ್ಕನೂ ಓದುತ್ತಾರೆ, ಅವರಿಗೆ ಎಲ್ಲ ತಿಳಿಯಲಿ. ನಮ್ಮ ಕೆಲಸದಲ್ಲಿ ಲೆವೆಲ್ಲನ್ನು ಒಂದು ಕಡೆಯಿಂದ ಎತ್ತಿ ಮುಂದೆ ಇಡುವಾಗ ಸ್ಟಾಫ್ ಹಿಡಿದವನು ಇದ್ದ ಕಲ್ಲಿನ ಮೇಲೆಯೇ ನಿಂತಿರಬೇಕು. ಹಿಂದಿನ ಜಾಗದಿಂದ ಒಮ್ಮೆ ಓದುತ್ತಾರೆ, ಹೊಸ ಜಾಗದಿಂದ ಅದೇ ಕಲ್ಲಿನ ಮೇಲೆ ಇನ್ನೊಮ್ಮೆ ಓದುತ್ತಾರೆ. ಎರಡು ಓದಿಗೂ ನಡುವಿನ ನಂಟು ಆ ಕಲ್ಲು ಒಂದೇ. ಅದು ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ತಪ್ಪು. ಅದಕ್ಕೇ ನೀವು ತಾಯಮ್ಮಕ್ಕನ ದೇವರ ಗೂಡಿನಿಂದ ಒಂದು ಡಬ್ಬಿ ಕುಂಕುಮ ತಂದು ಪ್ರತಿ ಕಲ್ಲಿಗೂ ಬೊಟ್ಟು ಇಡಿಸುತ್ತಿದ್ದಿರಿ. ಬೇರೆ ಕಂಪನಿಯವರು ಬಣ್ಣ ಹಚ್ಚುತ್ತಾರೆ, ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ನಿಮ್ಮದು ಕುಂಕುಮ. "ಕುಂಕುಮ ಇಟ್ಮೇಲೆ ಅದು ಕಲ್ಲಲ್ಲ ಕಣಯ್ಯ, ದೇವ್ರು. ದೇವ್ರನ್ನ ಬಿಟ್ಟು ಯಾರಾದ್ರೂ ಎದ್ದೋಯ್ತಾರಾ? ನಾನು ಕೈ ಎತ್ತೋಗಂಟ ಕದಲ್ಬೇಡ." ನೀವು ದೂರದಲ್ಲಿ ಬಲಗೈ ಎತ್ತಿದರೆ ಓದಾಯಿತು, ಹೊರಡು ಎಂದು ಅರ್ಥ. ಮೂರು ವರ್ಷ ನಾನು ಆ ಕೈ ನೋಡಿಕೊಂಡೇ ನಡೆದವನು.

ಎರಡು ಸಾವಿರದ ಸೆಪ್ಟೆಂಬರ್. ಕ್ವಾರ್ಟರ್ಸಿನಿಂದ ವಾದಿಯ ಒಣಹಳ್ಳದವರೆಗಿನ ಚರಂಡಿ. ಇಂಜಿನಿಯರನಿಗೆ ಸಂಜೆಯೊಳಗೆ ಮಟ್ಟ ಬರೆದ ಪುಸ್ತಕ ಬೇಕು, ಹೊರಟಲ್ಲಿಗೆ ಮತ್ತೆ ಓದುತ್ತಾ ಬಂದು ತಾಳೆ ನೋಡುವಷ್ಟು ಹೊತ್ತಿಲ್ಲ. ಅಂದು ಡಬ್ಬಿಯಲ್ಲಿ ಕುಂಕುಮ ಮುಗಿದಿತ್ತು. ಹಿಂದಿನ ದಿನ ನೀವು ತುಂಬಿಸಿಕೊಂಡು ಬಾ ಎಂದಿದ್ದಿರಿ, ನಾನು ಮರೆತಿದ್ದೆ, ಮರೆತೆ ಎಂದು ಹೇಳಲೂ ಇಲ್ಲ. ರಸ್ತೆಯ ಮೋರಿಯ ಹತ್ತಿರ ಕಾಂಕ್ರೀಟಿನ ಎರಡು ಮೆಟ್ಟಿಲು, ಒಂದರ ಮೇಲೊಂದು, ಅಚ್ಚು ಹೊಯ್ದ ಹಾಗೆ ಒಂದೇ ಥರ. ಕೆಳಗಿನದರ ಮೇಲೆ ಸ್ಟಾಫ್ ಹಿಡಿದಿದ್ದೆ. ನೀವು ಓದಿ, ಲೆವೆಲ್ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದಿರಿ. ನಲವತ್ತೈದು ಡಿಗ್ರಿಯ ಬಿಸಿಲು. ಶಾಹುಲ್ ಹಮೀದ್ ಗಾಡಿ ತಂದು ನಿಲ್ಲಿಸಿ ತಣ್ಣಗಿನ ನೀರಿನ ಕ್ಯಾನ್ ಇಳಿಸಿದ. ಎರಡು ನಿಮಿಷ ಎಂದುಕೊಂಡು ಸ್ಟಾಫ್ ಹೊತ್ತುಕೊಂಡು ಗಾಡಿಯ ನೆರಳಿಗೆ ಹೋದೆ. ನೀರು ಕುಡಿದು ಬರುವಷ್ಟರಲ್ಲಿ ನೀವು ಅಲ್ಲಿ ಲೆವೆಲ್ಲಿನ ಕಾಲು ಊರಿ ಕಣ್ಣು ಇಟ್ಟಿದ್ದಿರಿ. ಓಡಿ ಬಂದು ಸ್ಟಾಫ್ ಇಟ್ಟೆ. ಇಟ್ಟ ಮೇಲೆ ಮೊದಲು ಹಿಡಿದದ್ದು ಇದೇ ಮೆಟ್ಟಿಲೋ ಇನ್ನೊಂದೋ ಎಂದು ಒಂದು ಸಲ ಅನಿಸಿತು. ಅಷ್ಟರಲ್ಲಿ ನೀವು ಕೈ ಎತ್ತಿದಿರಿ.

ಮಾರ್ಚ್‌ನಲ್ಲಿ ಮಳೆ ಬಂತು. ಚರಂಡಿಯ ನೀರು ಮೋರಿಯವರೆಗೆ ಹೋಗಿ, ಮುಂದೆ ಹತ್ತಲಾರದೆ ಹಿಂದಕ್ಕೆ ತಿರುಗಿ ಕ್ವಾರ್ಟರ್ಸಿನ ಮನೆಗಳಿಗೆ ನುಗ್ಗಿತು. ಮೋರಿಯಿಂದ ಆಚೆ ಇಪ್ಪತ್ತಮೂರು ಸೆಂಟಿಮೀಟರ್ ಎತ್ತರ ಕಟ್ಟಿದ್ದೆವು. ವಿಚಾರಣೆಯ ಹಿಂದಿನ ಸಂಜೆ ನೀವು ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಪ್ರತಿ ಸಾಲನ್ನೂ ಮತ್ತೆ ಕೂಡಿಸಿದಿರಿ, ಕಳೆದಿರಿ. ಎಲ್ಲೂ ತಪ್ಪು ಸಿಗಲಿಲ್ಲ. ಕೊನೆಗೆ ಕನ್ನಡಕ ತೆಗೆದು ನನ್ನನ್ನು ಕೇಳಿದಿರಿ. "ಸುಕೇಶ, ನೀನು ಕಲ್ಲು ಬಿಟ್ಟು ಕದಲಿರ್ಲಿಲ್ಲ ತಾನೆ?"

ನಾನು ಇಲ್ಲ ಎಂದೆ.

ಅಷ್ಟೇ. ಒಂದು ಮಾತು. ನೀವು ಅದನ್ನು ನಂಬಿದಿರಿ, ನನ್ನ ಮುಖವನ್ನು ಇನ್ನೊಮ್ಮೆ ನೋಡಲೂ ಇಲ್ಲ. ಹಾಗಾದರೆ ನನ್ನ ಕಣ್ಣೇ ತಪ್ಪಿ ಓದಿರಬೇಕು ಎಂದು ಕನ್ನಡಕವನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡಿರಿ. ಮರುದಿನ ಆಫೀಸಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ, ಓದಿದವನು ನಾನು, ಸಹಿ ನನ್ನದು, ಸ್ಟಾಫ್ ಹಿಡಿದವನದ್ದು ಏನೂ ಇಲ್ಲ ಎಂದಿರಿ. ವೀಸಾ ಕೊಟ್ಟ ಯಜಮಾನ, ಆ ಕಫೀಲ್, ಒಂದು ವಾರದಲ್ಲಿ ನಿಮ್ಮ ವೀಸಾ ರದ್ದು ಮಾಡಿಸಿದ. ನನಗೆ ಆಗ ತಾನೆ ಫ್ಯಾಮಿಲಿ ವೀಸಾ ಆಗಿತ್ತು, ಆಶಿತಾಳಿಗೆ ಏಳು ತಿಂಗಳು. ಇದನ್ನೇ ನನಗೆ ನಾನು ಇಷ್ಟು ವರ್ಷ ಹೇಳಿಕೊಂಡು ಬಂದೆ. ಕೋಟೆಯ ಮೆಟ್ಟಿಲಿನ ಮೇಲೆ ಅವಳಿಗೂ ಅದನ್ನೇ ಹೇಳಿದೆ. ಅವಳು ಹಿತಾಳನ್ನು ಮುದುಕನ ಜೊತೆ ಆಚೆ ಕಳಿಸಿ ಹೇಳಿದಳು: "ನನ್ನ ಹೊಟ್ಟೆಯನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತದ್ದಾ ನೀವು? ನನ್ನನ್ನು ಒಂದು ಮಾತು ಕೇಳಿದ್ದರೆ ಆ ದಿನವೇ ಹೇಳಿ ಬನ್ನಿ ಅಂತಿದ್ದೆ." ಮತ್ತೆ ಉದಯಪುರದವರೆಗೆ ಅವಳು ಮಾತಾಡಲಿಲ್ಲ. ನನ್ನ ಪಾಲಿಗೆ ಬರಬೇಕಾದದ್ದು ಬರತೊಡಗಿತು.

ಆ ರಜೆಯಲ್ಲೇ ನಿಮ್ಮ ಮನೆಗೆ ಬರಬೇಕೆಂದಿದ್ದೆ, ಮಂಗಳೂರಿನಿಂದ ಮೈಸೂರಿಗೆ ಒಂದು ರಾತ್ರಿಯ ಬಸ್ಸು. ಟಿಕೆಟ್ ತೆಗೆದಿದ್ದೆ, ಹತ್ತಲಿಲ್ಲ. ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಅದರ ಜೊತೆಗೆ ಇನ್ನೊಂದೂ ಇತ್ತು. ಬರಿಗೈಯಲ್ಲಿ ಬಂದು ತಪ್ಪು ನನ್ನದು ಎಂದರೆ ನೀವು ನಂಬುತ್ತೀರೆಂದು ನನಗೆ ಅನಿಸಲಿಲ್ಲ. ಹುಡುಗ ಪಾಪ, ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾನೆ ಎಂದುಕೊಂಡು ಬೆನ್ನು ತಟ್ಟಿ ಊಟ ಹಾಕಿ ಕಳಿಸುತ್ತಿದ್ದಿರಿ. ನೀವು ಅಂಥವರು. ನಿಮಗೆ ಅಂಕಿ ಬೇಕು.

ಅದಕ್ಕೇ ಇಲ್ಲಿಗೆ ಬಂದ ಮರುವಾರ ಶಾಹುಲ್ ಹಮೀದನನ್ನು ಕರೆದುಕೊಂಡು ಆ ಮೋರಿಗೆ ಹೋದೆ. ಎರಡು ಮೆಟ್ಟಿಲೂ ಹಾಗೇ ಇವೆ. ಯಾಕೆ ಬಂದೆ ಎಂದು ನಾನು ಹೇಳುವ ಮೊದಲೇ ಅವನು ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡು ಹೇಳಿದ: "ಅವತ್ತು ನೀನು ಗಾಡಿಯ ನೆರಳಿಗೆ ಬಂದದ್ದು ನನಗೆ ನೆನಪುಂಟು ಮಾರಾಯ. ನೀನೇ ಹೇಳ್ತಿ ಅಂತ ಕಾದೆ. ಮತ್ತೆ ಕಾಯುವುದು ಬಿಟ್ಟೆ." ನನ್ನ ಜೊತೆ ಐದು ವರ್ಷ ಚಹಾ ಕುಡಿದವನು ಇದನ್ನು ಒಳಗೆ ಇಟ್ಟುಕೊಂಡೇ ಕುಡಿಯುತ್ತಿದ್ದ. ಸ್ಟಾಫ್ ಅವನೇ ಹಿಡಿದ. ಕೆಳಗಿನ ಮೆಟ್ಟಿಲು ಓದಿದೆ, ಮೇಲಿನದು ಓದಿದೆ. ವ್ಯತ್ಯಾಸ ಇಪ್ಪತ್ತಮೂರು ಸೆಂಟಿಮೀಟರ್.

ಆಮೇಲೆ ಸ್ಟೋರಿನಿಂದ ನಿಮ್ಮ ಹಳೆಯ ಪುಸ್ತಕ ತೆಗೆಸಿದೆ. ಮೋರಿಯ ನಂತರದ ಪ್ರತಿ ಮಟ್ಟಕ್ಕೂ ಇಪ್ಪತ್ತಮೂರು ಸೆಂಟಿಮೀಟರ್ ಕೂಡಿಸುತ್ತಾ ಹೋದೆ. ನೀವು ಅಂದು ಕೊನೆಗೆ ಓದಿದ್ದು ವಾದಿಯ ಪಕ್ಕದ ವಿದ್ಯುತ್ ಕಂಬದ ಬುಡದ ಬೋಲ್ಟು. ಅದರ ನಿಜವಾದ ಮಟ್ಟವನ್ನು ಆಮೇಲೆ ಬೇರೆ ಸರ್ವೆಯವರು ಹೊಸ ಯಂತ್ರದಲ್ಲಿ ಹಿಡಿದು ದಾಖಲೆ ಮಾಡಿದ್ದಾರೆ. ಎರಡನ್ನೂ ಪಕ್ಕ ಪಕ್ಕ ಇಟ್ಟೆ. ಒಂದೂವರೆ ಕಿಲೋಮೀಟರ್ ಉದ್ದ, ನಲವತ್ತೈದು ಡಿಗ್ರಿ ಬಿಸಿಲು, ಕುದಿಯುವ ಗಾಳಿಯಲ್ಲಿ ಅಂಕಿಗಳೇ ಕುಣಿಯುವ ಹೊತ್ತು. ಅಷ್ಟರಲ್ಲೂ ನಿಮ್ಮ ಓದಿಗೂ ಅವರ ಓದಿಗೂ ಇರುವ ವ್ಯತ್ಯಾಸ ಮೂರು ಮಿಲಿಮೀಟರ್.

ಮೂರು ಮಿಲಿಮೀಟರ್, ಹೊನ್ನಪ್ಪಣ್ಣ. ಆ ಮೂರರ ಅಂಕಿಯ ಮುಂದೆ ನಾನು ಕುಂಭಲಗಢದ ಗೋಡೆಯ ಮುಂದೆ ನಿಂತ ಹಾಗೆಯೇ ಕೂತೆ. ನಿಮ್ಮ ಕಣ್ಣು ಸುಳ್ಳು ಹೇಳಿಲ್ಲ. ಒಂದು ಸಲವೂ ಹೇಳಿಲ್ಲ. ಅದು ಕಂಡದ್ದನ್ನೇ ಓದಿತು. ಸುಳ್ಳು ಹೇಳಿದ್ದು ನಾನು.

ಮ್ಯಾನೇಜರಿಗೆ ಎಲ್ಲವನ್ನೂ ಬರೆದು ಸಹಿ ಮಾಡಿ ಕೊಟ್ಟಿದ್ದೇನೆ. ಅವರು ಓದಿ, ಇಷ್ಟು ಹಳೆಯ ಫೈಲು, ಖಲಾಸ್, ಎಂದು ಡ್ರಾಯರಿಗೆ ಹಾಕಿದರು. ಕಂಪನಿಗೆ ಅದು ಎಂದೋ ಮುಗಿದ ವಿಷಯ. ನಾನು ಬಿಡಲಿಲ್ಲ, ತಪ್ಪು ನಿಮ್ಮದಲ್ಲ ಎಂದು ಎರಡು ಸಾಲು ಬರೆಸಿ ಮೊಹರು ಹಾಕಿಸಿಕೊಂಡಿದ್ದೇನೆ. ಅದರ ಪ್ರತಿ, ನಿಮ್ಮ ಪುಸ್ತಕದ ಪುಟಗಳು, ನನ್ನ ಹೊಸ ಲೆಕ್ಕ, ಮೋರಿಯ ಫೋಟೋ ಎಲ್ಲ ಈ ಲಕೋಟೆಯಲ್ಲಿವೆ. ಕೋಟೆಯ ಫೋಟೋಗಳೂ ಇವೆ, ಆದರೆ ಮೊದಲು ಲೆಕ್ಕ ನೋಡಿ. ಪೆನ್ಸಿಲ್ ಹಿಡಿದುಕೊಂಡೇ ನೋಡುತ್ತೀರೆಂದು ಗೊತ್ತು. ನನ್ನ ಕೂಡುವಿಕೆಯನ್ನು ನಂಬಬೇಡಿ, ನೀವೇ ಕೂಡಿಸಿ.

ಕ್ಷಮೆ ಕೇಳುವ ಮುಖ ನನಗಿಲ್ಲ, ಆ ಮಾತನ್ನು ಈ ಕಾಗದದಲ್ಲಿ ಎಲ್ಲೂ ಬರೆದಿಲ್ಲ, ನೋಡಿ. ಕೇಳುವುದು ಒಂದೇ. ಸಂಕ್ರಾಂತಿ ಕಳೆದ ಮರುವಾರ ಹತ್ತು ದಿನದ ರಜೆಯ ಮೇಲೆ ಬರುತ್ತಿದ್ದೇನೆ, ಈ ಸಲ ಬಸ್ಸು ಹತ್ತುತ್ತೇನೆ, ಆಶಿತಾ ಹತ್ತಿಸುತ್ತಾಳೆ. ಅಷ್ಟರೊಳಗೆ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿ ಧೂಳು ಒರೆಸಿ ಇಟ್ಟಿರಿ. ತಾಯಮ್ಮಕ್ಕನಿಂದ ಒಂದು ಡಬ್ಬಿ ಕುಂಕುಮ ಕೇಳಿ ಇಟ್ಟಿರಿ. ನಿಮ್ಮ ಊರಾಚೆ ಯಾವುದಾದರೂ ಬಯಲಿಗೆ ಹೋಗೋಣ. ಬೈಯುವುದಿದ್ದರೆ ದಾರಿಯಲ್ಲಿ ಬೈಯಿರಿ, ಹೊಡೆಯುವುದಿದ್ದರೆ ಹೊಡೆಯಿರಿ. ಆಮೇಲೆ ನೀವು ಲೆವೆಲ್ಲಿಗೆ ಕಣ್ಣು ಇಡಿ. ನಾನು ಕಲ್ಲಿಗೆ ಕುಂಕುಮ ಇಟ್ಟು ಸ್ಟಾಫ್ ಹಿಡಿದು ನಿಲ್ಲುತ್ತೇನೆ.

ಎಷ್ಟು ಹೊತ್ತಾದರೂ ಓದಿ. ನೀವು ಕೈ ಎತ್ತುವವರೆಗೆ ನಾನು ಕದಲುವುದಿಲ್ಲ.

ತಾಯಮ್ಮಕ್ಕನ ಪಾದಕ್ಕೆ ನಮಸ್ಕಾರ. ನಿಮ್ಮಿಬ್ಬರ ಆಶೀರ್ವಾದ ಹಿತಾಳ ಮೇಲಾದರೂ ಇರಲಿ.

ನಿಮ್ಮ ಸ್ಟಾಫ್ ಹಿಡಿಯುವವನು,
ಸುಕೇಶ